ಮಾಸೂಮ್ ಎಂದು ಹೇಳುವವಳು

ಅತ್ತರಿನ ಭಟ್ಟಿಗಳಿದ್ದ ಆ ಮೊಹಲ್ಲಾದಲ್ಲಿ ಒಂದು ಮಗು ಮಾಸೂಮ್ ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಇದ್ದದ್ದು ಮುಸರ್ರತ್ ಫೂಫಿಯೊಬ್ಬಳಿಗೆ. ಅದನ್ನು ಅವಳು ಕೇಳಿ ಪಡೆದವಳಲ್ಲ. ತಂದೆಯ ಅಕ್ಕತಂಗಿಯರನ್ನು ಅಲ್ಲಿ ಫೂಫಿ ಎನ್ನುತ್ತಾರೆ. ಅಣ್ಣನ ಮಕ್ಕಳು ಕರೆದು ಕರೆದು, ಕನೌಜಿನ ಆ ಭಾಗಕ್ಕೆಲ್ಲ ಅವಳು ಫೂಫಿಯಾಗಿಬಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಭಟ್ಟಿಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದಳು. ಅಣ್ಣನೂ ಹೋದ ಮೇಲೆ ಆ ಮನೆ ಅತ್ತಿಗೆ ಕಮರ್ ಜಹಾಂಳದ್ದಾಯಿತು. ಫೂಫಿಯ ಕೋಣೆ ಮಾತ್ರ ಫೂಫಿಯದ್ದಾಗಿಯೇ ಉಳಿಯಿತು, ಏಕೆಂದರೆ ಹಂಡೆಗಳ ಕಾವು ನೇರ ಅಲ್ಲಿಗೇ ಏರುತ್ತಿದ್ದುದರಿಂದ ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ಮಾಸೂಮ್ ಎನ್ನುವ ಮಾತನ್ನು ಬೇರೆ ಕಡೆ ಜನ ಮಕ್ಕಳ ಕೆನ್ನೆ ಹಿಂಡುತ್ತ ಆಡುತ್ತಾರೆ. ನಮ್ಮ ಮುಗ್ಧ ಎನ್ನುವ ಮಾತಿನಂತೆ ಅದು ಹಗುರ. ಆಡಿದವರೂ ಮರೆಯುತ್ತಾರೆ, ಆಡಿಸಿಕೊಂಡವರೂ ಮರೆಯುತ್ತಾರೆ. ಆ ಮೊಹಲ್ಲಾದಲ್ಲಿ ಅದೊಂದು ಕೆಲಸದ ಹೆಸರು. ಮನೆಯಲ್ಲಿ ಏನಾದರೂ ಕಳೆದುಹೋದರೆ ಮಂತ್ರ ಬಲ್ಲವರನ್ನು ಕರೆಸುತ್ತಿದ್ದರು. ಅವರು ಒಂದು ಮಗುವಿನ ಬಲಗೈ ಹೆಬ್ಬೆರಳಿನ ಉಗುರಿಗೆ ಗಂಧದೆಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆ ಹಚ್ಚುತ್ತಿದ್ದರು. ಮಗು ಆ ಕಪ್ಪನ್ನೇ ನೋಡುತ್ತ ಕೂರಬೇಕು. ಕಪ್ಪಿನೊಳಗೆ ಮೊದಲು ಕಸ ಗುಡಿಸುವವನು ಬರುತ್ತಾನೆ. ಅವನ ಹಿಂದೆ ಚರ್ಮದ ಚೀಲದಿಂದ ನೀರು ಚಿಮುಕಿಸುವವನು, ಆಮೇಲೆ ಜಮಖಾನ ಹಾಸುವವರು, ಕೊನೆಗೆ ಸಿಂಹಾಸನ, ಅದರ ಮೇಲೆ ಅವರ ಬಾದಷಹ. ಕದ್ದವರು ಯಾರೆಂದು ಮಗು ಅವನನ್ನು ಕೇಳುತ್ತದೆ, ಅವನು ತೋರಿಸುತ್ತಾನೆ. ಇದು ದೊಡ್ಡವರ ಕಣ್ಣಿಗೆ ಕಾಣದು. ಬುದ್ಧಿ ಬಲಿತ ಮಕ್ಕಳಿಗೂ ಕಾಣದು. ಮಾಸೂಮ್ ಆದವರಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಹಿಂದೆ ನೋಡಿದ ಅನುಭವವಿರುವ ಹೆಂಗಸೊಬ್ಬಳು ಹೊಸ ಮಗುವನ್ನು ಒಳಗೆ ಕರೆದೊಯ್ದು ಮಾತಾಡಿಸಿ, ಹೊರಗೆ ಬಂದು ಅದರ ತಲೆಯ ಮೇಲೆ ಕೈಯಿಟ್ಟು ಎಲ್ಲರೆದುರು "ಮಾಸೂಮ್" ಎನ್ನಬೇಕು. ಅನ್ನದಿದ್ದರೆ ಕಾಡಿಗೆಯ ಡಬ್ಬಿ ತೆರೆಯುವುದಿಲ್ಲ.

ಮುಸರ್ರತ್ ತನ್ನ ಹಾಲುಹಲ್ಲುಗಳ ಕಾಲದಲ್ಲಿ ಆ ಮೊಹಲ್ಲಾದ ಕಣ್ಣಾಗಿದ್ದಳು. ಆಗಿನ ಮಂತ್ರಗಾರ ಬಡೇ ಮಿಯಾಂ. ಮೊದಲ ಸಲ ಕೂತಾಗ ಅವಳಿಗೆ ಉಗುರಿನಲ್ಲಿ ಕಂಡದ್ದು ಉಗುರು. ಕಾವಲಿಯ ತಳದಂತೆ ಕಪ್ಪಾಗಿತ್ತು, ಅಷ್ಟೇ. "ಗುಡಿಸೋವ್ನು ಬಂದ್ನಾ?" ಎಂದು ಬಡೇ ಮಿಯಾಂ ಕೇಳಿದಾಗ, ದೊಡ್ಡವರು ಕೇಳುತ್ತಿದ್ದಾರಲ್ಲ ಎಂದು "ಬಂದ" ಅಂದಳು. ಅಂದ ಮೇಲೆ ಅವನು ಬಂದ. ಇದನ್ನು ಅವಳು ಯಾರಿಗೂ ವಿವರಿಸಿ ಹೇಳಲಾರದೆ ಹೋದಳು. ಮೊದಲು ಮಾತು ಬರುತ್ತಿತ್ತು, ಮಾತಿನ ಹಿಂದೆ ಆಳು ಬರುತ್ತಿದ್ದ. ಇನ್ನೊಂದನ್ನೂ ಅವಳು ಬೇಗ ಕಲಿತಳು. ಹೆಸರು ಕೇಳುವ ಹೊತ್ತಿಗೆ ಸುತ್ತ ನೆರೆದವರ ಉಸಿರು ಬದಲಾಗುತ್ತದೆ. ಮನೆಯ ಯಜಮಾನಿತಿ ಯಾರ ಕಡೆ ನೋಡಬಾರದೆಂದು ಕತ್ತು ಬಿಗಿಹಿಡಿದಿದ್ದಾಳೋ, ಬಾದಷಹನ ಬೆರಳು ಅತ್ತಲೇ ಏಳುತ್ತದೆ. ಹಾಗೆ ಅವಳು ಹೇಳಿದ ಹೆಸರುಗಳಲ್ಲಿ ಕೆಲವರು ನಿಜಕ್ಕೂ ಕಳ್ಳರೇ ಆಗಿದ್ದರು.

ಒಂದು ದಿನ ಅವಳು "ಇನ್ನು ನಂಗೇನೂ ಕಾಣಲ್ಲ" ಎಂದು ಕೈ ಮುಚ್ಚಿಕೊಂಡಳು. ಬುದ್ಧಿ ಬಂತು ಎಂದರು ಬಡೇ ಮಿಯಾಂ. ಮನೆಯವರು ತಲೆಗೆ ದುಪಟ್ಟಾ ಹೊದಿಸಿದರು. ಅಲ್ಲಿಗೆ ಅವಳ ಕೆಲಸ ಮುಗಿಯಿತು.

ಬಡೇ ಮಿಯಾಂನ ಮಗ ಶಬ್ಬನ್ ಮಿಯಾಂನ ಕಾಲಕ್ಕೆ ಆ ವಿದ್ಯೆಗೆ ಗಿರಾಕಿಗಳು ಕಡಿಮೆಯಾದರು. ಅವನು ಮಳೆಗಾಲದಲ್ಲಿ ಕೊಡೆ ರಿಪೇರಿ ಮಾಡುತ್ತ, ಉಳಿದ ಕಾಲದಲ್ಲಿ ತಾಯಿತ ಕಟ್ಟುತ್ತ ಬದುಕಿದ್ದ. ಆದರೂ ಯಾವಾಗಲೋ ಒಮ್ಮೆ ಕರೆ ಬರುತ್ತಿತ್ತು. ಆಗೆಲ್ಲ ಫೂಫಿಯನ್ನು ಕರೆಸುತ್ತಿದ್ದರು. ಅವಳು ಹೋಗಿ, ಮಗುವನ್ನು ಎರಡು ಮಾತು ಕೇಳಿ, ಮಾಸೂಮ್ ಎಂದು ಹೇಳಿ, ಅವರು ಕೊಟ್ಟ ಶರಬತ್ತು ಕುಡಿದು ಬರುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳುವುದರಲ್ಲಿ ಅವಳಿಗೆ ಕಷ್ಟವೇನೂ ಇರಲಿಲ್ಲ. ಕಳೆದದ್ದು ಮೇಕೆಯೋ ಬೀಗದಕೈಯೋ ಆಗಿರುತ್ತಿತ್ತು, ಕೂತದ್ದು ಯಾರದೋ ಮಗು.

ಆ ಬೇಸಗೆಯಲ್ಲಿ ಕಳೆದದ್ದು ಸ್ವಂತ ಮನೆಯಲ್ಲಿ. ಕಮರ್ ಜಹಾಂಳ ನತ್ತು. ಅವಳ ಮದುವೆಯ ನತ್ತು, ಮುತ್ತು ಕೂರಿಸಿದ್ದು, ಕೆನ್ನೆ ದಾಟಿ ಕಿವಿಯವರೆಗೆ ಬರುವಷ್ಟು ದೊಡ್ಡದು. ಯಾರದೋ ಮದುವೆಗೆ ಹಾಕಿಕೊಂಡು ಹೋಗಿ ಬಂದು, ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಮತ್ತೆ ತೆರೆದಾಗ ಹತ್ತಿ ಇತ್ತು.

"ಪೋಲೀಸಿಗೆ ಹೇಳೋಣ್ವಾ ಅಮ್ಮಿ?" ಎಂದ ಕಿರಿಯ ಮಗ ತಾಬಿಶ್.

"ಹೇಳು. ಕಳ್ಳ ಬಿಟ್ಟುಹೋಗಿರೋ ಪೆಟ್ಟಿಗೇನ ಅವ್ರು ಹೊತ್ಕೊಂಡು ಹೋಗ್ಲಿ."

ಅವಳ ಸಂಶಯ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾಬಿಶನ ಹೆಂಡತಿ ಸಬೀಹಾ ಆ ಮನೆಗೆ ಬಂದು ಒಂದೇ ಒಂದು ಗುಲಾಬಿ ಋತು ಕಳೆದಿತ್ತು. ಫರೂಖಾಬಾದಿನ ಬಡವರ ಮನೆಯ ಹುಡುಗಿ. ಕಡಿಮೆ ಮಾತು, ಎತ್ತರದ ಆಳು, ಅತ್ತೆಯ ಎದುರು ತಲೆ ತಗ್ಗಿಸಿದರೂ ಎತ್ತರವೇ ಕಾಣುತ್ತಿದ್ದಳು. ಅದೇ ಅವಳ ಮೊದಲ ತಪ್ಪು. ನತ್ತು ಹೋದ ದಿನದಿಂದ ಕಮರ್ ಜಹಾಂ ಹುರಿಮಂಚದ ಮೇಲೆ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. ಹೆಸರು ಎತ್ತಲಿಲ್ಲ. "ಹೊಸದಾಗಿ ಬಂದಿರೋರು ಯಾರು ಈ ಮನೇಗೆ, ನೀವೇ ಹೇಳಿ. ಗೋಡೆಗೆ ಕೈಕಾಲು ಬಂತಾ?" ಪಕ್ಕದ ಮನೆಯ ಹೆಂಗಸರು ಹೌದೆನ್ನುತ್ತಿದ್ದರು. ಕದ್ದವಳೆಂದು ಗೊತ್ತಾದರೆ ಅವಳನ್ನು ಫರೂಖಾಬಾದಿನ ಬಸ್ಸು ಹತ್ತಿಸುವುದೆಂದೂ, ತಾಬಿಶ್‌ಗೆ ಬೇರೆ ಕಡೆ ನೋಡುವುದೆಂದೂ ಆ ಮಂಚದ ಮೇಲೆಯೇ ತೀರ್ಮಾನವಾಯಿತು. ತಾಬಿಶ್ ತಾಯಿಯ ಮಾತಿಗೆ ಎದುರಾಡುವವನಲ್ಲ. ಹೆಂಡತಿಯ ಮಾತಿಗೂ ಎದುರಾಡುವವನಲ್ಲ. ಅವನು ಭಟ್ಟಿಗೆ ಹೋಗಿ ಬೆಂಕಿ ನೋಡಿಕೊಂಡ.

ಈ ಮಾತುಗಳೆಲ್ಲ ನಡೆಯುವಾಗ ಮಂಚದ ಕೆಳಗೆ ಗೋಲಿ ಆಡುತ್ತ ಕೂತಿದ್ದವಳು ಸುಂಬುಲ್, ಹಿರಿಯ ಮಗನ ಮಗಳು; ಅಜ್ಜಿ ಕಮರ್ ಜಹಾಂ ಅವಳಿಗೆ ದಾದಿ, ಚಿಕ್ಕಮ್ಮ ಸಬೀಹಾ ಚಾಚಿ. ಮುಂದಿನ ಒಂದು ಹಲ್ಲು ಬಿದ್ದಿತ್ತು. ಅವಳೆದುರು ಯಾರೂ ದನಿ ತಗ್ಗಿಸಲಿಲ್ಲ. ಮಗು, ಅದಕ್ಕೇನು ಅರ್ಥವಾಗುತ್ತೆ ಎಂದರು. ಅರ್ಥವಾಗದ ಮಗು ಮನೆಯಲ್ಲೇ ಇದೆಯಲ್ಲ ಎಂದು ಕಮರ್ ಜಹಾಂಳಿಗೆ ಆಗಲೇ ಹೊಳೆದದ್ದು. ಶಬ್ಬನ್ ಮಿಯಾಂನಿಗೆ ಹೇಳಿಕಳಿಸಿದಳು.

ಅವನು ಬಂದ ದಿನ ಭಟ್ಟಿಯಲ್ಲಿ ಮಣ್ಣಿನ ಅತ್ತರು ಇಳಿಸುತ್ತಿದ್ದರು. ಗುಲಾಬಿ ಮುಗಿದು ಮಲ್ಲಿಗೆ ಇನ್ನೂ ತುಂಬಿ ಬರದ ಬಿಸಿಲುಗಾಲದಲ್ಲಿ ಅದೇ ಕೆಲಸ. ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ತುಂಬಿ ಬೇಯಿಸಿದರೆ, ಆವಿಯೊಂದಿಗೆ ಮೊದಲ ಮಳೆಯ ವಾಸನೆ ಗಂಧದೆಣ್ಣೆಗೆ ಇಳಿಯುತ್ತದೆ. ಆಕಾಶ ಬಿಳಿಚಿಕೊಂಡಿತ್ತು. ಎಲ್ಲೂ ಒಂದು ತುಂಡು ಮೋಡವಿಲ್ಲ. ಅಂಗಳದ ಇಟ್ಟಿಗೆಗಳು ಕಾಲಿಡಲಾಗದಷ್ಟು ಕಾದಿದ್ದವು. ಆ ಬಿಸಿಲಿನ ನಡುವೆ ಇಡೀ ಮನೆ ಮಳೆ ಬಂದು ಹೋದಂತೆ ವಾಸನೆ ಹೊಡೆಯುತ್ತಿತ್ತು. ಬೀದಿಯ ನಾಯಿಗಳಿಗೆ ಮಾತ್ರ ಅದು ಎಂದೂ ಅಭ್ಯಾಸವಾಗಲಿಲ್ಲ. ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದವು.

ಸಬೀಹಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಫೂಫಿ ಅವಳ ಪಕ್ಕ ಹಾದು ಹೋಗುವಾಗ ತಲೆ ಎತ್ತದೆ ಹೇಳಿದಳು:

"ಫೂಫಿ, ಮಾಸೂಮ್ ಅಂತ ಹೇಳ್ಬಿಡಿ."

"ಹೇಳಿದ್ರೆ ನಿನ್ನ ಹೆಸರೇ ಬರೋದು. ಗೊತ್ತಲ್ಲ?"

"ಹೇಳ್ದೆ ಇದ್ರೆ ನಾನು ನಿಮ್ಗೇನೋ ಕೊಟ್ಟೆ ಅಂತಾರೆ. ಆಗ್ಲೂ ನನ್ನ ಹೆಸರೇ." ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. "ಮನೆಗೆ ಬಂದೋರೆಲ್ಲ ಬೇಳೆ ಬೆಂದಿದ್ಯಾ, ಉಪ್ಪು ಸರಿ ಇದ್ಯಾ ಅಂತ ಕೇಳ್ತಾರೆ. ನೀನು ತಗೊಂಡ್ಯಾ ಅಂತ ಒಬ್ರೂ ಕೇಳ್ಲಿಲ್ಲ."

ಫೂಫಿಯೂ ಕೇಳಲಿಲ್ಲ. ಆ ಊರಿನ ಮಾತಿನಲ್ಲಿ ತಪ್ಪು ಮಾಡದವರಿಗೆ ಇನ್ನೊಂದು ಪದವಿದೆ, ಬೇಗುನಾಹ್ ಎಂದು. ಅದು ಕೋರ್ಟು ಕಚೇರಿಯ ಪದ, ಸಾಕ್ಷಿ ಕೇಳುತ್ತದೆ. ಮಾಸೂಮ್ ಯಾವ ಸಾಕ್ಷಿಯನ್ನೂ ಕೇಳುವುದಿಲ್ಲ. ಮನೆಯೊಳಗೆ ನಡೆಯುವುದು ಅದೊಂದೇ.

ಅತ್ತರು ತುಂಬಿದ ಚರ್ಮದ ಬುದ್ದಲಿಗಳನ್ನು ತೂಗುಹಾಕುವ ಕೋಣೆ ತಂಪಾಗಿತ್ತು, ಕತ್ತಲಾಗಿತ್ತು. ಫೂಫಿ ಸುಂಬುಲ್‌ಳನ್ನು ಅಲ್ಲಿಗೆ ಕರೆದೊಯ್ದು ಕದ ಹಾಕಿದಳು. ಹೊರಗೆ ಕಮರ್ ಜಹಾಂ, ಶಬ್ಬನ್ ಮಿಯಾಂ, ಪಕ್ಕದ ಮನೆಗಳ ಹೆಂಗಸರು ಕಾಯುತ್ತಿದ್ದರು.

"ನತ್ತು ಯಾರು ತಗೊಂಡ್ರು ಸುಂಬುಲ್?"

"ನಂಗೊತ್ತಿಲ್ಲ ಫೂಫಿ ದಾದಿ." ಮಗು ಹಲ್ಲು ಬಿದ್ದ ಜಾಗದಲ್ಲಿ ನಾಲಗೆ ಆಡಿಸಿತು. "ಆದ್ರೆ ಯಾರ ಹೆಸರು ಹೇಳ್ಬೇಕು ಅಂತ ಗೊತ್ತು."

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಎಲ್ರೂ ಮಾತಾಡ್ತಿದ್ರಲ್ಲ." ಆಮೇಲೆ ಕೇಳಿತು, "ಚಾಚಿ ಊರಿಗೆ ಹೋದ್ರೆ ವಾಪಸ್ ಯಾವಾಗ ಬರ್ತಾಳೆ?"

"ಬರಲ್ಲ."

"ಓ," ಎಂದಿತು ಮಗು.

ಫೂಫಿ ಮಗುವಿನ ಮುಖ ನೋಡಿದಳು. ಇಷ್ಟು ತಿಳಿದ ಮೇಲೆ ಪದ್ಧತಿಯ ಪ್ರಕಾರ ಇದು ಮಾಸೂಮ್ ಅಲ್ಲ. ಹೊರಗೆ ಹೋಗಿ ಅಲ್ಲ ಎಂದರೆ ಕಾಡಿಗೆಯ ಡಬ್ಬಿ ತೆರೆಯುವುದಿಲ್ಲ, ಸಬೀಹಾ ಇವತ್ತಿನ ಮಟ್ಟಿಗೆ ಉಳಿಯುತ್ತಾಳೆ. ಆದರೆ ಅಂಗಳದಲ್ಲಿ ಕೂತ ಹೆಂಗಸರು ಅಲ್ಲ ಎನ್ನುವುದೊಂದನ್ನೇ ಮನೆಗೆ ಒಯ್ಯುತ್ತಾರೆ. ಏಕೆ ಅಲ್ಲ ಎಂದು ಯಾರೂ ಕೇಳುವುದಿಲ್ಲ, ತಮಗೆ ತಿಳಿದ ಕಾರಣವನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಹೆಣ್ಣುಮಗು. ಫೂಫಿಯ ಕಾಲದಲ್ಲಿ ಜುಲೇಖಾ ಎಂಬ ಹುಡುಗಿಯನ್ನು ಹೀಗೇ ಅಲ್ಲ ಎಂದಿದ್ದರು. ಆ ಎರಡಕ್ಷರ ಅವಳ ಹಿಂದೆ ಎಲ್ಲ ಕಡೆ ಹೋಯಿತು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಚಹಾ ಮುಗಿಸದೆ ಎದ್ದುಹೋಗುತ್ತಿದ್ದರು. ಕೊನೆಗೆ ನೋಡಲು ಬರುವುದನ್ನೂ ಬಿಟ್ಟರು.

ಹೌದೆಂದರೆ ಹಿರಿಯವಳು ಹೋಗುತ್ತಾಳೆ. ಅಲ್ಲವೆಂದರೆ ಕಿರಿಯವಳು ಹೋಗುತ್ತಾಳೆ, ನಿಧಾನವಾಗಿ.

"ಕೇಳಿಲ್ಲಿ," ಎಂದಳು ಫೂಫಿ. "ಉಗುರಲ್ಲಿ ಏನು ಕಾಣುತ್ತೋ ಅಷ್ಟೇ ಹೇಳು. ಏನೂ ಕಾಣದೆ ಇದ್ರೆ ಕಾಣಲಿಲ್ಲ ಅನ್ನು. ಬೇರೆ ಯಾರ ಮುಖಾನೂ ನೋಡ್ಬೇಡ."

"ದಾದಿ ಬೈದ್ರೆ?"

"ಬೈತಾಳೆ. ಅವಳು ಬೈಯ್ದೆ ಇದ್ದ ದಿನ ಯಾವುದು?"

ಹೊರಗೆ ಬಂದು, ಎಣ್ಣೆ ಹಚ್ಚಿ ಬಾಚಿದ ಆ ಸಣ್ಣ ತಲೆಯ ಮೇಲೆ ಕೈಯಿಟ್ಟು, "ಮಾಸೂಮ್" ಎಂದಳು. ಸುಳ್ಳೆಂದು ತಿಳಿದೂ ಅವಳು ಆ ಮಾತನ್ನು ಆಡಿದ್ದು ಅದೇ ಮೊದಲು. ನಾಲಗೆಗೆ ಏನೂ ಆಗಲಿಲ್ಲ.

ಶಬ್ಬನ್ ಮಿಯಾಂ ಅಂಗಳದ ನೆರಳಿನಲ್ಲಿ ಹಾಸಿದ ಜಮಖಾನದ ಮೇಲೆ ಕಾಲು ಮಡಚಿ ಕೂತ. ಮಗುವಿನ ಉಗುರಿಗೆ ಕಾಡಿಗೆ ಹಚ್ಚಿದ. ಹಿಂದೆ ಕೂತು ಮಗುವಿನ ಹೆಗಲು ಹಿಡಿದುಕೊಳ್ಳುವುದು ಹಳೆಯ ಕಣ್ಣಿನ ಕೆಲಸ, ಫೂಫಿ ಹಿಡಿದುಕೊಂಡಳು. ಸಬೀಹಾಳನ್ನು ಅಡುಗೆಮನೆಯಿಂದ ಕರೆಸಿ ಎದುರಿನ ಗೋಡೆಗೆ ನಿಲ್ಲಿಸಿದ್ದರು. ಕಮರ್ ಜಹಾಂ ಎಲ್ಲ ಕಡೆ ನೋಡಿದಳು, ಆ ಗೋಡೆಯೊಂದನ್ನು ಬಿಟ್ಟು.

ಶಬ್ಬನ್ ಮಿಯಾಂ ತುಟಿಯಲ್ಲೇ ಏನೋ ಓದಿ ಉಗುರಿನ ಮೇಲೆ ಊದಿದ. "ಗುಡಿಸೋವ್ನು ಬಂದ್ನಾ ಬೇಟಿ?"

ಮಗು ಬಹಳ ಹೊತ್ತು ನೋಡಿತು. "ಬಂದ."

"ಗುಡಿಸು ಅನ್ನು."

"ಗುಡಿಸ್ತಿದ್ದಾನೆ. ಆದ್ರೆ ಧೂಳೆಲ್ಲ ಈ ಕಡೆಗೇ ತಳ್ತಿದ್ದಾನೆ."

"ತಳ್ಳಲಿ. ನೀರು ಹಾಕೋವ್ನು?"

"ಬಂದ. ನೀರು ಹಾಕ್ದ. ಮಳೆ ವಾಸ್ನೆ ಬರ್ತಿದೆ."

ಹೆಂಗಸರಲ್ಲಿ ಯಾರೋ ನಕ್ಕು, ನಮ್ಮ ಭಟ್ಟಿದೇ ಕಣೇ ಎಂದರು. ಜಮಖಾನ ಬಂತು. ಸಿಂಹಾಸನ ಬಂತು. ಬಾದಷಹ ಬಂದು ಕೂತ.

"ಸಲಾಂ ಹೇಳು. ನತ್ತು ತಗೊಂಡೋರನ್ನ ತೋರಿಸಿ ಹುಜೂರ್ ಅನ್ನು."

ಮಗು ಹೇಳಿತು. ಕಮರ್ ಜಹಾಂಳ ಮಂಚ ಕಿರುಗುಟ್ಟಿತು.

"ಏನಂತಾರೆ?"

"ಕೇಳಿಸ್ಕೊಳ್ತಿಲ್ಲ. ನಮ್ಗೆ ಬೆನ್ನು ಹಾಕಿ ಕೂತಿದ್ದಾರೆ. ಎಲ್ರೂ ಆ ಕಡೆಗೇ ನೋಡ್ತಿದ್ದಾರೆ."

"ಆ ಕಡೆ ಏನಿದೆ?"

"ಒಂದು ಹುಡುಗಿ."

ಶಬ್ಬನ್ ಮಿಯಾಂನ ಪದ್ಧತಿಯಲ್ಲಿ ಹುಡುಗಿ ಇರಲಿಲ್ಲ. ಅವನು ಫೂಫಿಯ ಕಡೆ ನೋಡಿದ. ಫೂಫಿ ಮಗುವಿನ ಹೆಗಲನ್ನು ಬಿಗಿಯಾಗಿ ಹಿಡಿದಳು.

"ಏನ್ ಮಾಡ್ತಿದ್ದಾಳೆ ಹುಡುಗಿ?" ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ಜಮಖಾನದ ಮೇಲೆ ಕೂತಿದ್ದಾಳೆ. ಹಿಂದೆ ಒಬ್ಬ ಮುದುಕಿ ಅವಳ ಹೆಗಲು ಹಿಡ್ಕೊಂಡಿದ್ದಾಳೆ. ಹುಡುಗಿ ತನ್ನ ಉಗುರು ನೋಡ್ಕೊಳ್ತಿದ್ದಾಳೆ."

"ಉಗುರಲ್ಲಿ ಏನು ನೋಡ್ತಿದ್ದಾಳೆ?"

"ನಮ್ಮನ್ನ," ಎಂದಿತು ಮಗು.

ಭಟ್ಟಿಯಲ್ಲಿ ಹಂಡೆ ಕುದಿಯುವ ಸದ್ದು ಅಂಗಳಕ್ಕೆ ಕೇಳುತ್ತಿತ್ತು.

ಮುಸರ್ರತ್ ಇದನ್ನು ನೋಡಿದ್ದಳು. ತನ್ನ ಕೊನೆಯ ಸಲ, ಬಡೇ ಮಿಯಾಂನೆದುರು, ಬಾದಷಹ ಅವಳಿಗೂ ಬೆನ್ನು ಹಾಕಿದ್ದ. ಅವನಾಚೆ ಅವಳಷ್ಟೇ ಎತ್ತರದ ಹುಡುಗಿಯೊಬ್ಬಳು ಉಗುರು ನೋಡುತ್ತ ಕೂತಿದ್ದಳು. ಆ ಹುಡುಗಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಾಗ, ತಾನು ನೋಡಲ್ಪಡುತ್ತಿದ್ದೇನೆ ಎಂದು ಮುಸರ್ರತ್‌ಗೆ ಬೆನ್ನಹುರಿಯಲ್ಲಿ ತಿಳಿದಿತ್ತು. ಅಲ್ಲಿಯವರದೂ ಏನೋ ಕಳೆದಿದೆ. ಅವರೂ ತಮ್ಮ ಮಾಸೂಮ್‌ಳನ್ನು ಕೂರಿಸಿ ಹೆಸರು ಕೇಳುತ್ತಿದ್ದಾರೆ. ಹುಡುಗಿ ಬಾಯಿ ತೆರೆಯುವ ಮುಂಚೆ ಮುಸರ್ರತ್ ಕೈ ಮುಚ್ಚಿಕೊಂಡಿದ್ದಳು, ಇನ್ನು ಕಾಣಲ್ಲ ಎಂದಿದ್ದಳು. ಇದನ್ನು ತಾಯಿಗೆ ಹೇಳಿರಲಿಲ್ಲ, ಗಂಡನಿಗೆ ಹೇಳಿರಲಿಲ್ಲ. ಈ ಮಗುವಿಗೆ ಹೇಳಿರಲು ಸಾಧ್ಯವೇ ಇರಲಿಲ್ಲ.

"ಅವ್ರದ್ದೂ ಏನೋ ಕಳ್ದಿದೆ," ಎಂದಿತು ಸುಂಬುಲ್. "ಯಾರು ತಗೊಂಡ್ರು ಅಂತ ಅವಳನ್ನ ಕೇಳ್ತಿದ್ದಾರೆ. ಅವಳು ಒಬ್ಬೊಬ್ರನ್ನೇ ನೋಡ್ತಿದ್ದಾಳೆ. ದಾದೀನ ನೋಡಿದ್ಲು. ಶಬ್ಬನ್ ಮಿಯಾಂನ ನೋಡಿದ್ಲು."

ಶಬ್ಬನ್ ಮಿಯಾಂ ಕೂತಲ್ಲೇ ಸ್ವಲ್ಪ ಹಿಂದೆ ಸರಿದ. ಪಕ್ಕದ ಮನೆಯ ಹೆಂಗಸೊಬ್ಬಳು ಎದ್ದು, ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಯಾರಿಗೆಂದಿಲ್ಲದೆ ಹೇಳಿ ಹೊರಟುಹೋದಳು.

ಮಗುವಿನ ಬೆರಳುಗಳನ್ನು ಮಡಚಿ ಮುಚ್ಚಿಬಿಡಲು ಫೂಫಿಯ ಕೈ ಎದ್ದಿತ್ತು. ಅಷ್ಟರಲ್ಲಿ ಅವಳ ಕಣ್ಣು ಎದುರಿನ ಗೋಡೆಗೆ ಹೋಯಿತು. ಸಬೀಹಾ ಮೊರವನ್ನು ಎದೆಗೊತ್ತಿ ಹಿಡಿದು ನಿಂತಿದ್ದಳು. ಈಗ ಮುಚ್ಚಿದರೆ ನಾಳೆ ಇನ್ನೊಂದು ಮಗು ಬರುತ್ತದೆ. ಫೂಫಿ ಎತ್ತಿದ ಕೈಯನ್ನು ಹೆಗಲ ಮೇಲೆಯೇ ಇಟ್ಟಳು.

"ಭಾಭಿ," ಎಂದಳು ಅತ್ತಿಗೆಗೆ. ದನಿ ಸಂತೆಯಲ್ಲಿ ಬೆಲೆ ಕೇಳುವಷ್ಟು ಸಪ್ಪಗಿತ್ತು. "ಆ ಹುಡುಗಿ ಹೆಸರು ಹೇಳೋಳಿದ್ದಾಳೆ. ಕೇಳಿಸ್ಲಾ?"

"ಯಾರ ಹೆಸರು?"

"ನಮ್ಮಲ್ಲಿ ಯಾರದ್ದೋ. ನನಗೇನು ಗೊತ್ತು? ಇಲ್ಲಿ ಹೆಸರು ಬಂದೋರನ್ನ ನಾವು ಬಸ್ ಹತ್ತಿಸ್ತೀವಿ. ಅಲ್ಲಿ ಹೆಸರು ಬಂದೋರನ್ನ ಅವ್ರು ಎಲ್ಲಿಗೆ ಕಳಿಸ್ತಾರೋ."

"ಅದೆಲ್ಲ ಮಕ್ಕಳ ಮಾತು ಮುಸರ್ರತ್."

"ಮಕ್ಕಳ ಮಾತು ಅಂತಾನೆ ಅಲ್ವಾ ಕೂರ್ಸಿದ್ದು? ಮಾಸೂಮ್ ಅಂತ ನಿಮ್ಮೆಲ್ಲರೆದುರು ನಾನೇ ಹೇಳಿದೀನಿ. ಮಾಸೂಮ್ ಸುಳ್ಳು ಹೇಳಲ್ಲ. ನಮ್ಮ ಹುಡುಗಿ ಹೇಳಿದ್ರೆ ನಿಜ ಅಂತಾದ್ರೆ ಅವರ ಹುಡುಗಿ ಹೇಳೋದೂ ನಿಜಾನೇ. ಕೇಳಿಸ್ಬಿಡ್ತೀನಿ. ಸುಂಬುಲ್, ಏನಂತಾಳೆ ಅವಳು?"

"ಕೈ ಎತ್ತಿದ್ಲು," ಎಂದಿತು ಮಗು. ಉಗುರಿನಿಂದ ಕಣ್ಣು ಕೀಳದೆ, ಒಂದೊಂದೇ ಮಾತು. "ಬೆರಳು ತೋರಿಸ್ತಿದ್ದಾಳೆ. ಮಂಚದ ಕಡೆ. ಬಾಯಿ ತೆಗೀತಿದ್ದಾಳೆ."

"ಮುಚ್ಚು," ಎಂದಳು ಕಮರ್ ಜಹಾಂ.

ಯಾರೂ ಅಲುಗಲಿಲ್ಲ.

"ಮುಚ್ಚು ಅಂದೆ. ಅವಳ ಕೈ ಮುಚ್ಚು ಮುಸರ್ರತ್. ನಂಗೆ ಯಾರ ಹೆಸರೂ ಬೇಡ. ಯಾರದ್ದೂ ಬೇಡ."

ಫೂಫಿ ಮಗುವಿನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಶಬ್ಬನ್ ಮಿಯಾಂ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಮುಚ್ಚಳ ಹಾಕಲು ಮರೆತದ್ದು ಜುಬ್ಬಾ ಕಪ್ಪಾದ ಮೇಲೆ ಗೊತ್ತಾಗಿ, ಯಾರಿಗೂ ಸಲಾಂ ಹೇಳದೆ ನಡೆದ. ನೆರೆದವರೂ ಚದುರಿದರು. ಅವರು ಮಾತಿಲ್ಲದೆ ಆ ಅಂಗಳ ದಾಟಿದ್ದು ಅದೊಂದೇ ದಿನ.

ಫೂಫಿ ಮಗುವನ್ನು ಕೈಪಂಪಿಗೆ ಕರೆದೊಯ್ದು ಕಡಲೆಹಿಟ್ಟು ಹಾಕಿ ಬೆರಳು ಉಜ್ಜಿದಳು. ನಿಜಕ್ಕೂ ಕಂಡಿತೇ ಎಂದು ಕೇಳುವ ಮನಸ್ಸಾಯಿತು. ಮಗು ಚಾಚಿಗಾಗಿ ಕಟ್ಟಿದ ಕಥೆಯಾದರೆ, ಕಟ್ಟಲು ಬೇಕಾದಷ್ಟು ಬುದ್ಧಿ ಆ ಮನೆಯಲ್ಲಿ ಇನ್ಯಾರಿಗೂ ಇರಲಿಲ್ಲ. ಕಥೆಯಲ್ಲದಿದ್ದರೆ ಕೇಳಿ ತಿಳಿದುಕೊಂಡು ಮಾಡುವುದೇನು. ಅವಳು ನೀರು ಹೊಡೆದಳು, ಮಗು ಕೈ ತೊಳೆಯಿತು. ಕಮರ್ ಜಹಾಂ ಇನ್ನೂ ಮಂಚದ ಮೇಲೆಯೇ ಇದ್ದಳು.

"ಫೂಫಿ ದಾದಿ," ಎಂದಿತು ಸುಂಬುಲ್, ಮನೆಯೆಲ್ಲ ಕೇಳುವ ದನಿಯಲ್ಲಿ. "ನಾವು ಮುಚ್ಚಿದ್ವಿ. ಅವಳು ಇನ್ನೂ ಮುಚ್ಚಿಲ್ಲ."

ಅವತ್ತಿನಿಂದ ಕಮರ್ ಜಹಾಂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹೆಸರುಗಳನ್ನು ಕೂಗಿಯೇ ಮನೆ ನಡೆಸುತ್ತಿದ್ದವಳು, ಈಗ ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು, ಏ ಎನ್ನುತ್ತಿದ್ದಳು, ಬಾಗಿಲು ಬಡಿಯುತ್ತಿದ್ದಳು. ಭಟ್ಟಿಯ ಆಳುಗಳು ನಕ್ಕರು. ಆಮೇಲೆ ಅವರಲ್ಲೂ ಒಬ್ಬೊಬ್ಬರಾಗಿ ಅಂಗಳದಲ್ಲಿ ನಿಂತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ನಿಂತಿತು. ಯಾರೋ ಕೇಳಿಸಿಕೊಳ್ಳುತ್ತಿರುವ ಮನೆಯಲ್ಲಿ ಇರುವ ಹಾಗೆ ಇದ್ದರು. ಒಮ್ಮೆ ತಾಬಿಶ್ ಮರೆತು ಅಂಗಳದಿಂದ "ಅಮ್ಮಿ, ಸಬೀಹಾ ಎಲ್ಲಿ?" ಎಂದು ಕೂಗಿದಾಗ, ಕಮರ್ ಜಹಾಂ ಓಡಿಬಂದು ಮಗನ ಬಾಯಿಯ ಮೇಲೆ ಕೈಯಿಟ್ಟಳು. ಅಷ್ಟು ವೇಗವಾಗಿ ಅವಳು ಓಡಿದ್ದನ್ನು ಯಾರೂ ನೋಡಿರಲಿಲ್ಲ.

ನತ್ತು ಸಿಗಲಿಲ್ಲ. ಅದರ ಮಾತೂ ಬರಲಿಲ್ಲ. ಮಾತು ತೆಗೆದರೆ ಹೆಸರು ತೆಗೆಯಬೇಕು. ಫರೂಖಾಬಾದಿನ ಬಸ್ಸು ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತಿತ್ತು, ಅದಕ್ಕೆ ಯಾರೂ ಕೈ ತೋರಿಸಲಿಲ್ಲ.

ಫೂಫಿ ಮತ್ತೆ ಯಾವ ಮಗುವಿನ ತಲೆಯ ಮೇಲೂ ಕೈಯಿಡಲಿಲ್ಲ. ಮುಂದಿನ ವರ್ಷ ಮಣ್ಣಿನ ಅತ್ತರಿನ ಕಾಲಕ್ಕೆ ಶಬ್ಬನ್ ಮಿಯಾಂ ಬಾಗಿಲ ಹೊರಗೇ ನಿಂತು ಕೇಳಿದ; ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ.

"ಫೂಫಿ, ಎಣ್ಣೆ ಗಾಣದವರ ಮನೇಲಿ ಗಡಿಯಾರ ಹೋಗಿದೆ. ಹುಡುಗಿ ಇದ್ದಾಳಂತೆ. ನೀವೊಂದ್ಸಲ ಬಂದು ಹೇಳಿದ್ರೆ…"

"ಈ ಮೊಹಲ್ಲಾದಲ್ಲಿ ಮಾಸೂಮ್ ಯಾರೂ ಇಲ್ಲ."

"ಹಾಗಂದ್ರೆ ಹೇಗೆ? ನಿನ್ನೆ ಮೊನ್ನೆ ಹುಟ್ಟಿರೋವೂ ಇಲ್ವಾ?"

"ಒಂದೂ ಇಲ್ಲ. ಒಂದು ಮಗೂಗೆ ಹೇಳ್ತಿಲ್ಲ ನಾನು, ಎಲ್ಲದಕ್ಕೂ ಸೇರ್ಸಿ ಹೇಳ್ತಿದೀನಿ. ಗಾಣದವರಿಗೂ ಹೀಗೇ ಹೇಳು."

ಅವನು ಗೊಣಗುತ್ತ ನಿಂತ. ಬಿಸಿಲಿತ್ತು, ಕೊಡೆ ರಿಪೇರಿಯವನ ಕೈಯಲ್ಲಿ ಕೊಡೆಯಿರಲಿಲ್ಲ. ಒಳಗಿನಿಂದ ಕಮರ್ ಜಹಾಂ ಯಾರೆಂದು ನೋಡಿದಳು. ಸೊಸೆಯನ್ನು ಅವಳು ಮೊದಮೊದಲು ಏ ಎನ್ನುತ್ತಿದ್ದಳು, ಆಮೇಲೆ ಹುಡುಗಿ ಎನ್ನುತ್ತಿದ್ದಳು. ಸೊಸೆ ಎತ್ತರದವಳು, ಹುಡುಗಿ ಎಂದರೆ ತಿರುಗಿ ನೋಡುತ್ತಿರಲಿಲ್ಲ. ಬೇರೆ ಏನೂ ಉಳಿಯದೆ ಅವಳಿಗೆ ಕೊನೆಗೆ ಸಿಕ್ಕ ಮಾತು ಒಂದೇ.

"ಬೇಟಿ," ಎಂದು ಕೂಗಿದಳು ಅಡುಗೆಮನೆಯ ಕಡೆಗೆ. "ಬಾಗಿಲಲ್ಲಿ ನಿಂತಿರೋರಿಗೆ ಶರಬತ್ತು ಕೊಟ್ಟು ಕಳ್ಸು. ಬೇಗ ಹೋಗ್ಲಿ."

ಮಗಳೇ ಎಂದು ಪ್ರೀತಿಯಿಂದ ಕರೆದದ್ದಲ್ಲ. ಸಬೀಹಾಳಿಗೂ ಅದು ಗೊತ್ತಿತ್ತು. "ಬಂದೆ ಅಮ್ಮಿ," ಎಂದು ಲೋಟ ಹಿಡಿದು ಬಂದಳು.